ಬೆರಳಿಗೆ ತಾಗಿದ ಅಕ್ಷರ

“ಬುದ್ಧೀ, ಅಳಿಸಿದ್ದನ್ನೇ ಮತ್ತೆ ಅಳಿಸು ಎನ್ನುತ್ತೀರಲ್ಲ, ಏಕೆ?” ಎಂದು ಮಠದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ಚೆನ್ನವೀರ, ಸ್ವಾಮಿಗಳನ್ನು ಕೇಳಿದ.

ಗಂಡಂದಿರ ಹೊಡೆತ ತಾಳದೆ ಬಂದ ಹೆಣ್ಣುಮಕ್ಕಳಿಗಾಗಿ ಮಠ ಒಂದು ಆಸರೆ ಮನೆ ನಡೆಸುತ್ತಿತ್ತು. ಅಲ್ಲಿನ ಹಳೆಯ ಕಂಪ್ಯೂಟರನ್ನು ಒಂದು ಶಾಲೆಗೆ ಕೊಡುವುದೆಂದು ಆಗಿತ್ತು. ಆ ಹೆಣ್ಣುಮಕ್ಕಳು ಈಗ ಯಾವ ಊರಿನಲ್ಲಿದ್ದಾರೆ ಎಂಬ ವಿವರವೆಲ್ಲ ಅದರಲ್ಲಿತ್ತು.

“ಫೈಲುಗಳನ್ನೆಲ್ಲ ಡಿಲೀಟ್ ಮಾಡಿದ್ದೇನೆ. ಅದನ್ನು ಕೆದಕಿ ಮತ್ತೆ ತೆಗೆಯುವವರು ಶಾಲೆಯಲ್ಲಿ ಯಾರಿದ್ದಾರೆ? ಆ ಜಾಗದ ಮೇಲೆ ಬೇರೆ ಏನಾದರೂ ತುಂಬಿಸಬೇಕೆಂದರೆ ಇಡೀ ದಿನ ಹಿಡಿಯುತ್ತದೆ. ಶಾಲೆಯವರು ಗಾಡಿ ತಂದು ನಿಂತಿದ್ದಾರೆ.”

“ನಿಲ್ಲಲಿ ಬಿಡು, ಗಾಡಿಗೇನು ಕಾಲು ನೋಯುತ್ತದೆಯೇ? ಕೂತುಕೋ” ಎಂದು ಸ್ವಾಮಿಗಳು ಕತೆ ಹೇಳಿದರು.

ಓಲೆಗರಿಯ ಕಾಲ. ಒಬ್ಬ ಲಿಪಿಕಾರನಿದ್ದ. ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಅಕ್ಷರ ಕೊರೆಯುವನು. ಆಮೇಲೆ ಮಸಿ ಸವರಿದರೆ ಗೀರಿನಲ್ಲಿ ಮಸಿ ನಿಂತು ಅಕ್ಷರ ಎದ್ದು ಕಾಣುವುದು. ಅವನ ಅಕ್ಷರವೆಂದರೆ ಅಕ್ಷರ! ಮುತ್ತು ಪೋಣಿಸಿದ ಹಾಗೆ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು, ಇರಲಿ, ಇರಬೇಕಾದದ್ದೇ.

ಒಬ್ಬ ಹೆಂಗಸು ಬಂದಳು. ಗಂಡ ಕೊಲ್ಲಲು ಹುಡುಕುತ್ತಿದ್ದ. ತಾನು ಎಲ್ಲಿ ಅಡಗಿದ್ದೇನೆಂದು ತಾಯಿಗೆ ಓಲೆ ಬರೆಸಬೇಕಿತ್ತು. ಲಿಪಿಕಾರ ಮೊದಲು ಕರಡು ಬರೆದ, ಓದಿ ಹೇಳಿದ, ಆಮೇಲೆ ಚೊಕ್ಕ ಪ್ರತಿ ಮಾಡಿ ಕೊಟ್ಟ. ಕರಡಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗರಿಯನ್ನು ಬುಟ್ಟಿಗೆ ಹಾಕಿದ. ಹಳೆಯ ಗರಿಗಳು ಮಕ್ಕಳು ಅಕ್ಷರ ತಿದ್ದಿ ಕಲಿಯುವುದಕ್ಕೆ ಹೋಗುತ್ತಿದ್ದವು. ಲಿಪಿಕಾರರೆಲ್ಲ ಮಾಡುತ್ತಿದ್ದದ್ದು ಹಾಗೆಯೇ.

ಹೆಂಗಸಿಗೆ ಓದು ಬಾರದು. ಅವಳು ಆ ಗರಿಯನ್ನು ಎತ್ತಿಕೊಂಡು ಅದರ ಮೇಲೆ ಬೆರಳಾಡಿಸಿದಳು.

“ಅಯ್ಯ, ಕಣ್ಣಿಗೆ ಅಳಿಸಿದಂತಿದೆ. ಬೆರಳಿಗೆ ತಾಗುತ್ತಿದೆಯಲ್ಲ?”

ಲಿಪಿಕಾರನ ಮುಖ ಸಣ್ಣದಾಯಿತು. ಅಕ್ಷರ ಬಾರದವಳು ಅಕ್ಷರದ ಗುಟ್ಟು ಹೇಳಿದ್ದಳು. ಯಾರು ಮಸಿ ಸವರಿದರೂ ಅವಳ ಊರು ಎದ್ದು ಕಾಣುತ್ತಿತ್ತು. ಅವನು ಮೊನೆ ಹಿಡಿದು ಕೂತ. ತನ್ನ ಮುತ್ತಿನಂಥ ಅಕ್ಷರಗಳ ಮೇಲೆ ತಾನೇ ಅಡ್ಡಾದಿಡ್ಡಿ ಕೊರೆದ. ಒಂದು ಸಲವಲ್ಲ, ಮೂರು ಸಲ. ಒಂದಕ್ಷರದ ಗುರುತೂ ಸಿಗದಂತಾಗುವವರೆಗೆ ಕೈ ನಿಲ್ಲಿಸಲಿಲ್ಲ, ಆಮೇಲೆಯೇ ಗರಿಯನ್ನು ಮತ್ತೆ ಬುಟ್ಟಿಗೆ ಹಾಕಿದ.

ಎಂಟು ದಿನಕ್ಕೆ, ಹೆಂಡತಿ ಇಲ್ಲಿ ಓಲೆ ಬರೆಸಿದಳೆಂದು ಕೇಳಿ ಗಂಡ ಬಂದ. ಆಸಾಮಿ ಚುರುಕಾಗಿದ್ದ. ಏನನ್ನೂ ಕೇಳದೆ ನೇರವಾಗಿ ಬುಟ್ಟಿಗೆ ಕೈ ಹಾಕಿದ. ಒಂದೊಂದೇ ಗರಿಗೆ ಮಸಿ ಸವರಿದ. ಯಾರ ಯಾರದೋ ಮದುವೆಯ ಮಾತು, ಯಾರ ಯಾರದೋ ಕಾಯಿಲೆಯ ಮಾತು ಎದ್ದು ಬಂದವು. ಹೆಂಡತಿಯ ಗರಿಗೆ ಸವರಿದಾಗ ಮಾತ್ರ ಇಡೀ ಗರಿ ಕಪ್ಪಾಯಿತು.

“ಏನಯ್ಯ ಇದು, ಕಾಗೆ ಕಾಲು ಗುಬ್ಬಿ ಕಾಲು! ನಿನ್ನನ್ನೇ ಏನು ಸುತ್ತ ಏಳು ಹಳ್ಳಿ ಹೊಗಳುವುದು?” ಎಂದು ಗರಿ ಎಸೆದು ಹೋದ.

ಲಿಪಿಕಾರ ಮೀಸೆ ತಿರುವಿದ.

“ನಲವತ್ತು ವರ್ಷ ಬರೆದೆ. ಇದಕ್ಕಿಂತ ಚೆನ್ನಾಗಿ ಎಂದೂ ಬರೆದಿರಲಿಲ್ಲ” ಎಂದ. ಆಮೇಲೆ ಬುಟ್ಟಿಯನ್ನು ಮುಂದಕ್ಕೆಳೆದುಕೊಂಡು, ಉಳಿದ ಗರಿಗಳನ್ನೂ ಒಂದೊಂದಾಗಿ ಕೊರೆಯತೊಡಗಿದ. ಆ ಕರಿಯ ಗರಿಯನ್ನು ಅವನು ಸಾಯುವವರೆಗೂ ತನ್ನ ತಲೆಯ ಮೇಲಿನ ತೊಲೆಗೆ ಸಿಕ್ಕಿಸಿಟ್ಟುಕೊಂಡಿದ್ದನಂತೆ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದನಂತೆ. ಭಲೇ ಗಂಡು!

ಸ್ವಾಮಿಗಳು ಎದ್ದು ಹಳೆಯ ಕಂಪ್ಯೂಟರಿನ ಮೇಲೆ ಕೈಯಿಟ್ಟರು.

“ಆ ಹೆಂಗಸು ಬೆರಳಾಡಿಸಿ ನೋಡಿದಳು ಚೆನ್ನವೀರ, ನಮ್ಮ ಹೆಣ್ಣುಮಕ್ಕಳ ಬೆರಳು ಈ ಪೆಟ್ಟಿಗೆಯೊಳಗೆ ಹೋಗುವುದಿಲ್ಲ, ಅವರು ನಿನ್ನನ್ನು ನಂಬಿದ್ದಾರೆ.”