ಚಾತು ಆಚಾರಿಯ ವೀಳ್ಯದೆಲೆ

ಈಗಿನ ರಸ್ತೆ ಇನ್ನೂ ಕಾಲುದಾರಿಯಾಗಿದ್ದ ಕಾಲ. ಕೊಡಗಿನ ಒಂದೂರಲ್ಲಿ ಚಾತು ಎಂಬ ಆಚಾರಿ ಇದ್ದ. ಮರಕ್ಕೆ ಕಿವಿಯಿಟ್ಟರೆ ಅದರ ಹೊಟ್ಟೆನೋವು ಅವನಿಗೆ ಕೇಳಿಸುತ್ತಿತ್ತಂತೆ. ಮನುಷ್ಯರ ಮಾತು ಅಷ್ಟಾಗಿ ಕೇಳಿಸುತ್ತಿರಲಿಲ್ಲವಂತೆ. ಇದು ಅವನ ಹೆಂಡತಿ ಹೇಳಿದ್ದು.

ಅದೇ ಊರಿನ ಮುದ್ದಯ್ಯನ ಮನೆಯಲ್ಲಿ ಅಜ್ಜನ ಕಾಲದ ಒಂದು ಕೋವಿ ಇತ್ತು. ಯಾರು ಹೊಡೆದರೂ ಗುಂಡು ಒಂದು ಗೇಣು ಎಡಕ್ಕೆ ಹೋಗುತ್ತಿತ್ತು. ಬೇಟೆಗೆ ಹೋದವರೆಲ್ಲ ಮುದ್ದಯ್ಯನ ಬಲಕ್ಕೇ ನಿಲ್ಲುತ್ತಿದ್ದರು. ಹಂದಿಗಳೂ ಅದನ್ನು ಕಲಿತಿದ್ದವಂತೆ. ತೀರಿಹೋದ ಅಜ್ಜನಿಗೆ ಮುನಿಸು ಎಂದು ಊರು ತೀರ್ಮಾನಿಸಿತು. ಗುರಿ ತಪ್ಪಿದಾಗಲೆಲ್ಲ ಕೋವಿಯನ್ನು ಮಣೆಯ ಮೇಲೆ ಎಡಮಗ್ಗುಲಾಗಿ ಮಲಗಿಸಿ, ಅಜ್ಜನ ಹೆಸರಲ್ಲಿ ಅದರ ಮೇಲೆ ಒಂದು ಚಿಪ್ಪು ಸಾರಾಯಿ ಸುರಿಯುತ್ತಿದ್ದರು. ಗುರಿ ಇನ್ನಷ್ಟು ತಪ್ಪಿತು. ಚಿಪ್ಪು ಎರಡಾಯಿತು.

ಆ ಮಳೆಗಾಲ ನಾಟಿ ಮಾಡಿದ ಗದ್ದೆಯನ್ನು ಹಂದಿಗಳು ಮತ್ತೊಮ್ಮೆ ಉತ್ತು ಕೊಟ್ಟವು. ಮುದ್ದಯ್ಯನ ತಾಯಿ ಚೋಂದವ್ವ ಆಚಾರಿಯನ್ನು ಕರೆಸಿದಳು. ಚಾತು ಕೋವಿಯ ನಳಿಗೆಯನ್ನು ಅದು ಕೂತಿದ್ದ ಹಿಡಿಯ ಮರದಿಂದ ಬಿಡಿಸಿ, ಮರವನ್ನು ಮೂಸಿದ.

"ಅಜ್ಜನ ತಪ್ಪೇನಿಲ್ಲ ಅವ್ವಾ. ಮೊದಲು ಮಳೆ, ಆಮೇಲೆ ಸಾರಾಯಿ, ಮರ ಕುಡಿದು ಉಬ್ಬಿದೆ. ಬಲಗಡೆಯಿಂದ ನಳಿಗೆಯನ್ನು ತಳ್ಳುತ್ತಿದೆ."

"ಅಂದರೆ ಅಜ್ಜನ ಪಾಲು ನಿಲ್ಲಿಸಬೇಕಾ?" ಎಂದು ಮುದ್ದಯ್ಯ ಕೆಂಪಾದ.

"ಯಾಕೆ ಅಯ್ಯಾ, ಕೊಡಿ. ಲೋಟದಲ್ಲಿ ಕೊಡಿ."

ಚೋಂದವ್ವ ನಗಲಿಲ್ಲ. ಆಯುಧಗಳ ಹಬ್ಬದ ದಿನ ಕಂಬದ ಮೇಲೆ ತೆಂಗಿನಕಾಯಿ ಇಟ್ಟು ಹೊಡೆಯುವಾಗ, ಆಚಾರಿ ಅದರ ಎಡಕ್ಕೆ ಒಂದು ಗೇಣು ಬಿಟ್ಟು ನಿಲ್ಲಲಿ, ಸುಳ್ಳೋ ನಿಜವೋ ಗೊತ್ತಾಗುತ್ತದೆ ಎಂದಳಂತೆ. ಚಾತು ಆಗಲಿ ಎಂದ.

ಮರವನ್ನು ಒಂದು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ. ನಳಿಗೆಗೆ ದೀಪದ ಮಸಿ ಬಳಿದು ಮರದೊಳಗೆ ಒತ್ತಿ, ತೆಗೆದು, ಮಸಿ ಹತ್ತಿದಲ್ಲಿ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಹೆರೆದ. ಮತ್ತೆ ಬಳಿದ, ಮತ್ತೆ ಒತ್ತಿದ, ಮತ್ತೆ ಹೆರೆದ. ಕೊನೆಗೆ ನಳಿಗೆಗೂ ಮರಕ್ಕೂ ನಡುವೆ ಒಂದು ವೀಳ್ಯದೆಲೆ ತುದಿಯಿಂದ ಬುಡದವರೆಗೆ ಹರಿಯದೆ ಜಾರಿತು. ಕೆಲಸ ಮುಗಿಯಿತು ಎಂದ.

ಹಬ್ಬದ ದಿನ ಚಾತುವಿಗೆ ತನ್ನ ಉಳಿಯ ಮೇಲೆ ಅನುಮಾನವಿರಲಿಲ್ಲ. ಹಬ್ಬದ ಸಂಭ್ರಮದಲ್ಲಿ ಯಾರಾದರೂ ಭಕ್ತರು ಮತ್ತೆ ಚಿಪ್ಪು ಸುರಿದಿದ್ದರೆ ಎಂಬುದೊಂದೇ ಭಯ. ಹತ್ತಿರ ಹೋಗಿ ಕೋವಿಯನ್ನು ಮೂಸಿದ. ಸಾರಾಯಿ ವಾಸನೆ ಬಂತು. ಇನ್ನೊಮ್ಮೆ ಮೂಸಿದ. ವಾಸನೆ ಕೋವಿಯದಲ್ಲ, ಗುರಿಯಿಡಲು ಅದನ್ನು ಹಿಡಿದು ನಿಂತ ಮುದ್ದಯ್ಯನದು. ಆ ವಾಸನೆಗೆ ಅವನ ಉಳಿಯಲ್ಲಿ ಮದ್ದಿರಲಿಲ್ಲ. ಆದರೂ ಹೋಗಿ ಕಂಬದ ಎಡಕ್ಕೆ ನಿಂತು, ಮಸಿ ಹತ್ತಿದ ಅದೇ ಎಲೆಯನ್ನು ಬಾಯಿಗೆ ಹಾಕಿಕೊಂಡನಂತೆ.

ಕಾಯಿ ಒಡೆದು ನೀರು ಅವನ ಹೆಗಲ ಮೇಲೆ ಚೆಲ್ಲಿತು. ಚಾತು ನಕ್ಕಾಗ ಹಲ್ಲೆಲ್ಲ ಕಪ್ಪು. ಆ ವಾರ ಹಂದಿಗಳು ಎಂದಿನಂತೆ ಬಲಕ್ಕೆ ಬಂದು ನಿಂತವು, ಗುಂಡು ತಿಂದು ಬುದ್ಧಿ ಕಲಿತವು ಎನ್ನುತ್ತಾರೆ.

ಈಗಲೂ ಆ ಊರಲ್ಲಿ ಹಬ್ಬದ ದಿನ ಅಜ್ಜಂದಿರಿಗೆ ಲೋಟದಲ್ಲೇ ಇಡುತ್ತಾರೆ. ಪ್ರತಿ ಕೋವಿಯ ನಳಿಗೆಯ ಕೆಳಗೆ ಒಂದು ವೀಳ್ಯದೆಲೆ ಜಾರಿಸಿ, ಅದು ಜಾರಿದರೆ ಆಚಾರಿ ಒಪ್ಪಿದ ಎನ್ನುತ್ತಾರೆ. ಗುಂಡು ನೇರ ಹೋಗುತ್ತದೆಂದು ಎಲ್ಲರಿಗೂ ಪೂರ್ತಿ ನಂಬಿಕೆ. ಆದರೆ ಕಂಬದ ಎಡಕ್ಕೆ ಮಾತ್ರ ಯಾರೂ ನಿಲ್ಲುವುದಿಲ್ಲ. ಕೇಳಿದರೆ, ಅದು ಚಾತುವಿನ ಜಾಗ, ನಾವು ನಿಲ್ಲಬಾರದು ಎಂದು ಕೈ ಮುಗಿಯುತ್ತಾರೆ.