ನೇಯ್ಗೆಯವಳ ಮೊಣಕಾಲು

"ಗುರುಗಳೇ, ಮೊಣಕಾಲಿನಲ್ಲಿ ಏನೂ ಇಲ್ಲದೆ ಮೊಣಕಾಲು ನೋವೆಂದು ಬರುವವರಿಗೆ ಯಾವ ಔಷಧ ಕೊಡಬೇಕು?" ಎಂದು ಶಿಷ್ಯೆ ಕೇಳಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಬಂದಿದ್ದ ಮುದುಕಿಯೊಬ್ಬಳನ್ನು ಅವಳು, ಇದೆಲ್ಲ ನೆಪ, ದಿನವೂ ನಡೆಯಿರಿ ಎಂದು ಹೇಳಿ ಕಳಿಸಿಬಿಟ್ಟಿದ್ದಳು. ಬುದ್ಧಿವಂತೆಯ ಕೆಲಸ ಮಾಡಿದೆನೆಂಬ ಹಿಗ್ಗು ಅವಳಿಗೆ.

ಔಷಧ ಅರೆಯುತ್ತಿದ್ದ ಗುರುಗಳು ಕೈ ನಿಲ್ಲಿಸಿದರು. "ಆಕೆ ಎಲ್ಲಾದರೂ ಬಿದ್ದಿದ್ದಳೇ?"

"ಕೆರೆಯ ಮೆಟ್ಟಿಲಲ್ಲಿ ಜಾರಿದರಂತೆ."

"ಸೊಂಟ ನೋಡಿದೆಯಾ?"

"ಅವರು ತೋರಿಸಿದ್ದು ಮೊಣಕಾಲು."

ಮುದುಕಿಯನ್ನು ಮಲಗಿಸಿಕೊಂಡು ಬರಲು ಗುರುಗಳು ಒಡನೆಯೇ ಗಾಡಿ ಕಳಿಸಿದರು. ಆಮೇಲೆ ಶಿಷ್ಯೆಯತ್ತ ತಿರುಗಿದರು. ಅವರ ದನಿ ಏರಲಿಲ್ಲ. ಏರಿದ್ದರೇ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.

"ಕೇಳು. ಒಬ್ಬಳು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ಗುಂಡಿಮಗ್ಗದಲ್ಲಿ ನೇಯುತ್ತಿದ್ದಳು. ಒಂದು ದಿನ ಕಾಲು ತಪ್ಪಿ ಮಗ್ಗದ ಗುಂಡಿಗೆ ಬಿದ್ದಳು. ಎದ್ದಳು, ನಡೆದಳು. ಆದರೆ ಮೊಣಕಾಲು ಸಿಡಿಯತೊಡಗಿತು.

"ಊರಿನ ಮೂಳೆವೈದ್ಯ ಹೆಸರುವಾಸಿ. ಮೊಣಕಾಲನ್ನು ಒತ್ತಿದ, ಮಡಿಸಿದ, ದೋಷ ಕಾಣಲಿಲ್ಲ. ಹೆಂಗಸಿನ ಸೊಂಟ ಮುಟ್ಟುವುದು ಮರ್ಯಾದೆಯಲ್ಲ ಎಂದುಕೊಂಡ. ಒಳಗಿದ್ದ ಹೆಂಡತಿಯನ್ನು ಕರೆದು ನೋಡಿಸಬಹುದಿತ್ತು, ಕರೆಯಲಿಲ್ಲ. ಮೊಣಕಾಲಿಗೆ ಸೊಪ್ಪು ಕಟ್ಟಿ, ಕಾಲಾಡಿಸುತ್ತಿರು ಎಂದ. ಮನೆಯಲ್ಲಿ ಅತ್ತೆ, ಉಣ್ಣಲು ಕೂರುವಾಗ ಈ ಮೊಣಕಾಲು ಚೆನ್ನಾಗಿಯೇ ಮಡಚಿಕೊಳ್ಳುತ್ತದೆ ಎಂದಳು. ನೇಯ್ಗೆಯವಳು ಹಲ್ಲು ಕಚ್ಚಿ ಮಗ್ಗ ತುಳಿದಳು.

"ಬಿರುಕು ಬಿಟ್ಟಿದ್ದು ಸೊಂಟದ ಕೀಲಿನ ಬಳಿಯ ತೊಡೆಮೂಳೆಯ ಕತ್ತು. ಸೊಂಟದ ಕೀಲಿಗೆ ಕವಲು ಕೊಡುವ ನರವೇ ಕೆಳಗಿಳಿದು ಮೊಣಕಾಲಿಗೂ ಹೋಗುತ್ತದೆ. ಪೆಟ್ಟು ಮೇಲೆ, ಕೂಗು ಕೆಳಗೆ. ಕತ್ತಿನ ಮೇಲೆ, ಕೀಲಿನೊಳಗೆ ಕೂರುವ ಮೂಳೆಯ ಚೆಂಡಿಗೆ ರಕ್ತ ಒಯ್ಯುವ ನಾಳಗಳೋ ನೂಲಿನಷ್ಟು ತೆಳು. ಅವು ಆ ಕತ್ತನ್ನೇ ಅಪ್ಪಿಕೊಂಡು ಏರುತ್ತವೆ. ಅವಳು ತುಳಿದಳು, ಬಿರುಕು ಬಿಟ್ಟ ಮೂಳೆ ಜರುಗಿತು, ನಾಳಗಳು ಹರಿದವು. ಹಸಿದ ಚೆಂಡು ಒಳಗೊಳಗೇ ಸತ್ತು ಕುಸಿಯಿತು. ಎರಡು ವರ್ಷದಲ್ಲಿ ಕಾಲು ಗಿಡ್ಡವಾಯಿತು, ಮಗ್ಗದ ಕೆಲಸ ತಪ್ಪಿತು.

"ಅವಳು ಕೋಲೂರಿಕೊಂಡು ವೈದ್ಯನ ಬಾಗಿಲಿಗೆ ಹೋದಳು.

"'ನೀನು ತೋರಿಸಿದ ಕಡೆಗೇ ಕಟ್ಟಿದೆನಲ್ಲ ತಾಯಿ' ಎಂದ ಅವನು.

"'ಬಟ್ಟೆಯಲ್ಲಿ ಎಳೆ ತಪ್ಪಿ ಕಂಡರೆ ನಾನು ಬಟ್ಟೆಯನ್ನು ತಿಕ್ಕುತ್ತಾ ಕೂರುವುದಿಲ್ಲ ವೈದ್ಯರೇ. ಹಾಸಿನ ಉದ್ದೆಳೆಯ ಗುಂಟ ಹಿಂದಕ್ಕೆ ಹೋಗಿ ಎಲ್ಲಿ ಕಡಿದಿದೆ ಎಂದು ಹುಡುಕುತ್ತೇನೆ. ನೋವು ಎಲ್ಲಿದೆ ಎಂದು ಹೇಳುವುದು ನನ್ನ ಪಾಲಿನದು. ಯಾಕಿದೆ ಎಂದು ನೋಡುವುದೂ ನನ್ನದೇ ಆಗಿದ್ದರೆ, ನಿಮ್ಮಲ್ಲಿಗೆ ಯಾಕೆ ಬರುತ್ತಿದ್ದೆ?'

"ಅವನು ಒಳಗೆ ಹೋಗಿ ಕದ ಹಾಕಿಕೊಂಡ."

ಶಿಷ್ಯೆ ಎದ್ದು ಬಾಗಿಲಿಗೆ ಬಂದಳು. ದಾರಿಯತ್ತ ನೋಡಿದಳು. ಗಾಡಿ ಇನ್ನೂ ಬಂದಿರಲಿಲ್ಲ. ಏನಾದರೂ ಕೇಳದಿದ್ದರೆ ಆಗದು ಎನ್ನಿಸಿ ಕೇಳಿದಳು: "ಆ ವೈದ್ಯನಿಗೆ ಏನಾಯಿತು ಗುರುಗಳೇ?"

"ಏನೂ ಆಗಲಿಲ್ಲ. ವೈದ್ಯನ ತಪ್ಪು ಯಾವಾಗಲೂ ಬೇರೆಯವರ ಕಾಲಿನಲ್ಲಿ ನೋಯುತ್ತದೆ."