ಏಳು ಕೆರೆಯ ಕೆಳಗಿನ ಕೆರೆ

“ಗುರುಗಳೇ, ನಮ್ಮ ಅಜ್ಜ ಈ ವಿದ್ಯಾಪೀಠದಲ್ಲೇ ಓದಿದವರು. ಅಪ್ಪನೂ ಇಲ್ಲಿಯವರೇ. ಆದರೆ ಅವರ ಪಾಠ ಬೇರೆ, ನನ್ನ ಪಾಠ ಬೇರೆ. ಹಾಗಾದರೆ ಅಜ್ಜ ಕಲಿತದ್ದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಕೆರೆ ಕಟ್ಟುವುದನ್ನು ಕಲಿಸುವ ಶಾಲೆಯಿತ್ತು. ಮೂರು ವರ್ಷದ ಓದು. ಪಾಠಗಳು ಇಂತಿಷ್ಟೇ ಎಂದು ಶಾಲೆ ಕಟ್ಟಿದ ಹಿರಿಯ ಗೊತ್ತುಮಾಡಿದ್ದ. ಅವನ್ನು ಒಂದಕ್ಷರ ಬಿಡದೆ ಕಲಿಸುತ್ತೇನೆಂದು ಅಲ್ಲಿನ ಉಪಾಧ್ಯಾಯನಿಗೆ ಹೆಮ್ಮೆ. ಅದರಲ್ಲೂ ನೀರು ಬಿಡುವ ತೂಬಿನ ಕಂಬಕ್ಕೆ ಹೂಬಳ್ಳಿ ಕೆತ್ತುವ ಪಾಠವೆಂದರೆ ಪ್ರಾಣ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ಮಳೆಗಾಲ ಕಳೆದ ಮೇಲೆ ಹಳೆಯ ಶಿಷ್ಯನೊಬ್ಬ ಬಂದು ತಲೆ ತಗ್ಗಿಸಿ ನಿಂತ. ಅವನು ಕಟ್ಟಿದ ಕೆರೆ ಒಡೆದು ಊರೇ ಕೊಚ್ಚಿಹೋಗಿತ್ತು.

“ಪಾಠ ಮರೆತೆಯಾ?” ಎಂದ ಉಪಾಧ್ಯಾಯ.

“ಇಲ್ಲ, ನೀವು ಕಲಿಸಿದ ಹಾಗೆಯೇ ಕಟ್ಟಿದೆ. ಆದರೆ ಮೇಲೆ ನಮ್ಮ ಶಾಲೆಯವರೇ ಕಟ್ಟಿದ ಏಳು ಕೆರೆಗಳಿದ್ದವು. ಏಳೂ ತುಂಬಿ, ಹೆಚ್ಚಾದ ನೀರೆಲ್ಲ ನನ್ನ ಕೆರೆಗೇ ಬಂತು. ಆ ನೀರಿನ ಪಾಠ ನಮಗಿರಲಿಲ್ಲ. ಈಗ ಏಳನ್ನೂ ಸುತ್ತಿ ಅಳೆದುಕೊಂಡು ಬಂದಿದ್ದೇನೆ.”

ಉಪಾಧ್ಯಾಯ ಓಲೆಗಳನ್ನೆಲ್ಲ ತಡಕಿದ. ಆ ಪಾಠ ನಿಜಕ್ಕೂ ಇರಲಿಲ್ಲ. ಹಿರಿಯನ ಕಾಲದಲ್ಲಿ ನಾಡಿಗೆಲ್ಲ ಇದ್ದದ್ದು ಒಂದೇ ಕೆರೆ.

ಹೊಸ ಪಾಠಕ್ಕೆ ಆರು ತಿಂಗಳು ಬೇಕು. ಮೂರು ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲ. ಬಿಟ್ಟರೂ ಕೆರೆ ಒಡೆಯದಂಥ ಪಾಠ ಯಾವುದೆಂದು ಹುಡುಕಿದರೆ ಸಿಕ್ಕಿದ್ದು ಒಂದೇ, ಕೆತ್ತನೆ. ಉಪಾಧ್ಯಾಯ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಉಳಿಯನ್ನು ಅಟ್ಟಕ್ಕೆ ಹಾಕಿ, ಸೋತು ಬಂದ ಶಿಷ್ಯನನ್ನೇ ತನ್ನ ಪೀಠದಲ್ಲಿ ಕೂರಿಸಿ, ತಾನು ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತು ಕಲಿತ.

ಅಲ್ಲಿಂದಾಚೆಗೆ ಆಗಾಗ ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಬಂದರು. ಒಬ್ಬ ಹೂಳಿನ ಪಾಠ ತಂದ. ಇನ್ನೊಬ್ಬ ಮರಳುನೆಲದ ಪಾಠ ತಂದ. ಪ್ರತಿಸಲವೂ ಹೊಸದರಿಂದ ಬೇಡವಾದ ಹಳೆಯದೊಂದು ಹೋಯಿತು.

ಇಪ್ಪತ್ತು ವರ್ಷಗಳಾದವು. ಯಾರೂ ಕಂಡರಿಯದ ಮಳೆ ಒಂಬತ್ತು ದಿನ ಸುರಿಯಿತು. ಹತ್ತನೆಯ ದಿನ ಜನ ಗುಂಪುಗುಂಪಾಗಿ ಶಾಲೆಯತ್ತ ಬಂದರು. ಮುದುಕನಾಗಿದ್ದ ಉಪಾಧ್ಯಾಯನ ಜೀವ ಬಾಯಿಗೆ ಬಂತು. ಆದರೆ ಬಂದವರು ಡೊಳ್ಳು ಬಡಿಯುತ್ತಿದ್ದರು. ನಾಡಿನ ನೂರು ಕೆರೆಗಳಲ್ಲಿ ಒಂದೂ ಒಡೆದಿರಲಿಲ್ಲ. ಅವನನ್ನು ಹೆಗಲ ಮೇಲೆ ಹೊತ್ತು ಕೆರೆಯ ಏರಿಯುದ್ದಕ್ಕೂ ಮೆರೆಸಿದರು. ತೂಬಿನ ಕಂಬದಲ್ಲಿ ಒಂದು ಹೂವೂ ಇರಲಿಲ್ಲ. ಅದು ಅವನ ಕಣ್ಣಿಗೂ ಬೀಳಲಿಲ್ಲ. ಎಲ್ಲರೆದುರಿಗೇ ಅತ್ತ, ನಕ್ಕ.

ಕತೆ ಮುಗಿಯಿತು.

“ಹಾಗಾದರೆ ಹಿರಿಯ ಹಾಕಿಕೊಟ್ಟ ಪಾಠ ತಪ್ಪೆಂದೇ ಆಯಿತಲ್ಲ” ಎಂದ ಶಿಷ್ಯ.

ಗುರು ಹೇಳಿದರು, “ತಪ್ಪಾಗಿದ್ದರೆ, ತುಂಬಿ ಹರಿಯಲು ಮೇಲೆ ಏಳು ಕೆರೆಗಳು ಇರುತ್ತಿದ್ದವೇ?”